ಇಲ್ಲದ ಹೊಸ್ತಿಲಿನ ಬಿಲ್ಲು

ಸೇಡಂ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾಗೇಂದ್ರಪ್ಪ ಬಡಿಗೇರನ ಅಂಗಡಿ. ಮಂಚ ಮಾಡಲಿ, ಕುರ್ಚಿ ಮಾಡಲಿ, ಅವನ ಬಿಲ್ಲಿನ ಮೊದಲ ಸಾಲು ಮಾತ್ರ ‘ಹೊಸ್ತಿಲು ಒಂದು’. ಮನೆ ಶುರುವಾಗುವುದೇ ಹೊಸ್ತಿಲಿನಿಂದ, ಅದನ್ನು ಬರೆಯದೆ ಬಡಿಗನ ಅಂಗಡಿಯಿಂದ ಸಾಮಾನು ಹೊರಗೆ ಹೋಗಬಾರದು ಎಂದು ಅವನ ಅಜ್ಜ ಕಟ್ಟಳೆ ಮಾಡಿಟ್ಟಿದ್ದ. ಹೊಸ್ತಿಲನ್ನು ಯಾರೂ ಮಾಡುತ್ತಿರಲಿಲ್ಲ, ಅದಕ್ಕೆ ಬೆಲೆಯನ್ನೂ ಹಾಕುತ್ತಿರಲಿಲ್ಲ. ಬರೀ ಶುಭಕ್ಕೆ ಒಂದು ಸಾಲು, ಅಷ್ಟೆ. ಗಿರಾಕಿಗಳೂ ಅದೇನೆಂದು ಅಲ್ಲಿಯತನಕ ಕೇಳಿರಲಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಚಿಂಚೋಳಿ ಪಕ್ಕದ ಚಂದಾಪುರದ ಒಂದು ಹೊಸ ಶಾಲೆಯಿಂದ ದೊಡ್ಡ ಆರ್ಡರ್ ಬಂತು. ಮೂವತ್ತು ಬೆಂಚು, ಆರು ಟೇಬಲ್. ಸೋಮವಾರ ಶಾಲೆ ಶುರು, ಅದರೊಳಗೆ ಮುಟ್ಟಬೇಕು. ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಮುಂದೆ ಅದರ ತೆರಿಗೆ ಸಂಕೇತ ಸಂಖ್ಯೆ ಇರಲಿ ಎಂದು ಶಾಲೆಯವರು ಪತ್ರದಲ್ಲಿ ಬರೆದಿದ್ದರು. ಪಕ್ಕದ ಮನೆಯ ಪದ್ಮಜಾ ಲೆಕ್ಕಪತ್ರದ ಆಫೀಸಿನಲ್ಲಿ ಕೆಲಸ ಮಾಡುವಾಕೆ. ಅವಳೇ ಸರ್ಕಾರದ ಪಟ್ಟಿ ನೋಡಿ ಒಂದು ಚೀಟಿ ಬರೆದುಕೊಟ್ಟಳು. ಬಾಗಿಲು, ಚೌಕಟ್ಟು, ಹೊಸ್ತಿಲಿಗೆ 4418. ಕೂಡುವ ಬೆಂಚು, ಕುರ್ಚಿಗೆ 9401. ಟೇಬಲ್, ಮಂಚ, ಕಪಾಟಿಗೆ 9403.

ನಾಗೇಂದ್ರಪ್ಪ ಚೀಟಿ ನೋಡಿ ನಕ್ಕ. “ಕಟ್ಟಿಗಿ ಒಂದೇ, ಮಾಡೋ ಕೈ ಒಂದೇ. ಮೂರು ನಂಬರ ಯಾಕ ಬೇಕವ್ವಾ?”

ಪದ್ಮಜಾ ಬಿಡಿಸಿ ಹೇಳಲು ಹೋದಳು. ಅವನಿಗೆ ಪಾಲಿಶ್ ಒಣಗುವ ಚಿಂತೆ, ಕಿವಿ ಎಲ್ಲಿತ್ತು? ಎಂದಿನಂತೆ ‘ಹೊಸ್ತಿಲು ಒಂದು’ ಬರೆದ. ಚೀಟಿಯಲ್ಲಿ ಹೊಸ್ತಿಲಿನ ಸಂಖ್ಯೆ ಹುಡುಕಿ 4418 ಎಂದು ಹಚ್ಚಿದ. ಕೆಳಗೆ ‘ಮತ್ತು ಇತರೆ ಕಟ್ಟಿಗೆ ಸಾಮಾನು’ ಎಂದು ಗೀಚಿ, ಒಟ್ಟು ಮೊತ್ತ ಹಾಕಿ ಸಹಿ ಜಡಿದ.

ಶನಿವಾರ ಸಾಮಾನು ಏರಿಸಿ ನಾಗೇಂದ್ರಪ್ಪನೂ ಹತ್ತಿ ಕುಳಿತ, ಟೆಂಪೊ ಚಿಂಚೋಳಿ ರಸ್ತೆ ಹಿಡಿಯಿತು. ಅರ್ಧ ದಾರಿಯಲ್ಲಿ ತೆರಿಗೆ ತನಿಖೆಯ ಜೀಪು ಅಡ್ಡಗಟ್ಟಿತು. ಅಧಿಕಾರಿ ಬಿಲ್ಲು ಓದಿದರು, ಟೆಂಪೊ ಹತ್ತಿ ಎಣಿಸಿದರು, ಇಳಿದು ಮತ್ತೆ ಓದಿದರು.

“ಹೊಸ್ತಿಲು ಎಲ್ಲಿದೆ?”

“ಅದು ಇಲ್ರಿ ಸಾಹೇಬ್ರ. ಅದು ಶುಭಕ್ಕಂತ ಬರ್ದದ್ದು.”

“ಬಿಲ್ಲಿನಲ್ಲಿ ಇರೋದು ಗಾಡಿಯಲ್ಲಿಲ್ಲ. ಗಾಡಿಯಲ್ಲಿರೋದು ಬಿಲ್ಲಿನಲ್ಲಿಲ್ಲ. ಇದು ಯಾರ ಮಾಲು?”

ತಾನೇ ಉಜ್ಜಿ ಉಜ್ಜಿ ಮಾಡಿದ ಬೆಂಚುಗಳನ್ನು ತನ್ನವೆಂದು ಹೇಳಲು ನಾಗೇಂದ್ರಪ್ಪನ ಕೈಯಲ್ಲಿ ಒಂದು ಸಾಲೂ ಇರಲಿಲ್ಲ. ಹಾದಿಯಲ್ಲಿ ಹೋಗುವವರು ನಿಂತರು. ಬಸ್ಸಿನವರು ಕಿಟಕಿಯಿಂದ ಇಣುಕಿದರು. ಅವರಲ್ಲಿ ಗುರುತಿನವರೂ ಇದ್ದರು. ಮೂವತ್ತು ವರ್ಷ ಬಾಚಿ ಹಿಡಿದು ಅವನು ಗಳಿಸಿದ್ದು ಹೆಸರೊಂದೇ, ಅದು ಈಗ ನಡುರಸ್ತೆಗೆ ಬಂದಿತ್ತು.

ಸುದ್ದಿ ತಿಳಿದು ಹೆಂಡತಿ ಭೀಮಮ್ಮ ಪದ್ಮಜಾಳನ್ನು ಕರೆದುಕೊಂಡು ಬಸ್ ಹಿಡಿದು ಬಂದಳು. ಪದ್ಮಜಾ ಶಾಲೆಯ ಆರ್ಡರ್ ಪತ್ರ ತೋರಿಸಿದಳು. ಅಧಿಕಾರಿ ಒಳ್ಳೆಯವರೇ, ಕೇಳಿಕೊಂಡರು. ಆದರೆ ಹೇಳಿಕೆ ಬರೆಸಬೇಕು, ವಿಚಾರಣೆ ಆಗಬೇಕು, ದಂಡ ಕಟ್ಟಬೇಕು, ಅಲ್ಲಿಯವರೆಗೆ ಟೆಂಪೊ ಬಿಡುವಂತಿಲ್ಲ ಎಂದರು.

“ಕಟ್ಟಿಗಿ ಒಂದೇ ಅಲ್ಲೇನವ್ವಾ?” ನಾಗೇಂದ್ರಪ್ಪ ಮತ್ತೆ ಪದ್ಮಜಾಳನ್ನೇ ಕೇಳಿದ.

“ಕಾಕಾ, ನಂಬರ ಕಟ್ಟಿಗಿಗಿ ಅಲ್ಲ, ಆ ಕಟ್ಟಿಗಿಲೆ ಏನ್ ಮಾಡೀರಿ ಅದಕ್ಕ. ಒಂದೇ ಜ್ವಾಳದ ಹಿಟ್ಟಿಲೆ ರೊಟ್ಟಿನೂ ಆಗ್ತದ, ಅಂಬಲಿನೂ ಆಗ್ತದ. ಅಂಬಲಿ ಕೊಟ್ಟು ರೊಟ್ಟಿ ಅಂತ ಬರ್ದ್ರ ನೀವು ಒಪ್ತೀರೇನು? ಯಾವುದಕ್ಕ ಎಷ್ಟು ತೆರಿಗಿ ಅಂತ ಸರ್ಕಾರ ಈ ನಂಬರ ನೋಡೇ ಹಿಡೀತದ.”

ಭೀಮಮ್ಮ ಗಂಡನ ಮುಖ ನೋಡಿ, “ಇಷ್ಟೇನಾ ಮಾತು? ಮೊನ್ನೆ ಈ ಹುಡುಗಿ ಹೇಳಾಕತ್ತಾಗ ಕುಂತು ಕೇಳಬಾರದಿತ್ತಾ?” ಎಂದಳು.

ಸೋಮವಾರ ಕ್ಷಮೆ ಕೇಳಲು ಚಂದಾಪುರಕ್ಕೆ ಹೋದ. ಬಾಗಿಲಲ್ಲೇ ಕಾಲು ನಿಂತವು. ಹೊಸ ಸಮವಸ್ತ್ರ ತೊಟ್ಟ ಮಕ್ಕಳು ಶಹಾಬಾದಿ ಕಲ್ಲಿನ ಬರೀ ನೆಲದ ಮೇಲೆ, ಮಡಿಲಲ್ಲಿ ಪಾಟಿ ಇಟ್ಟುಕೊಂಡು ಬಗ್ಗಿ ಬರೆಯುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಸಿಟ್ಟು ಮಾಡಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು.

“ನಿಮ್ಮ ಮ್ಯಾಲ ನನಗ ನಂಬಿಗಿ ಅದರಿ, ನಾಗೇಂದ್ರಪ್ಪ. ಆದ್ರ ಮುಂಜಾನಿಂದ ನಾಕು ಮಂದಿ ತಾಯಂದಿರು ಕೇಳ್ಯಾರ, ಬೆಂಚು ಕಳುವಿನವಂತ, ಖರೆ ಏನು ಅಂತ. ಅವರಿಗಿ ಏನ್ ಹೇಳ್ಲಿ?”

ಕಳುವು ಎಂಬ ಮಾತು ನಾಗೇಂದ್ರಪ್ಪನ ಮನೆತನದ ಮೇಲೆ ಎಂದೂ ಬಂದಿರಲಿಲ್ಲ. ಬುಧವಾರ ದಂಡ ಕಟ್ಟಿದ ಮೇಲೆ ಟೆಂಪೊ ಬಿಟ್ಟರು, ಬೆಂಚು ಶಾಲೆ ಮುಟ್ಟಿದವು. ಅಂದೇ ಸಂಜೆ ಅವನು ಪದ್ಮಜಾಳ ಮನೆಗೆ ಹೋಗಿ ಕುಳಿತು, ಒಂದೊಂದು ಸಾಮಾನಿಗೂ ಒಂದೊಂದು ಸಾಲು, ಅದರ ಮುಂದೆ ಅದರ ಸಂಖ್ಯೆ ಬರೆಯುವುದನ್ನು ಕಲಿತ. ಭೀಮಮ್ಮನೂ ಜತೆಗೆ ಕಲಿತಳು, ಇನ್ನು ಮೇಲೆ ಬಿಲ್ಲು ನಾನೇ ಓದಿ ಕಳಿಸುತ್ತೇನೆ ಎಂದಳು.

ಬಡಿಗತನ ಮಾಡುವ ಅಣ್ಣಂದಿರೇ, ಅಂಗಡಿ ನಡೆಸುವ ಅಕ್ಕಂದಿರೇ, ನಿಮ್ಮ ಶುಭದ ಪದ್ಧತಿ ನಿಮ್ಮ ಮನೆಯಲ್ಲಿ ಚೆನ್ನಾಗಿ ನಡೆಯಲಿ, ಬಿಲ್ಲಿನಲ್ಲಿ ಬೇಡ. ಗಾಡಿಗೆ ಏರಿಸಿದ್ದನ್ನೇ ಬರೆಯಿರಿ, ಏರಿಸಿದ್ದೆಲ್ಲವನ್ನೂ ಬರೆಯಿರಿ. ‘ಇತರೆ ಸಾಮಾನು’ ಎಂದು ಗಂಟು ಕಟ್ಟಬೇಡಿ. ಸಂಖ್ಯೆ ತಿಳಿಯದಿದ್ದರೆ ತಿಳಿದವರನ್ನು ಕೇಳಿ, ತೆರಿಗೆ ಕಚೇರಿಯಲ್ಲಿ ವಿಚಾರಿಸಿ. ಕೇಳಲು ಒಂದು ಗಳಿಗೆ ಸಾಕು. ಬೆಂಚು ಮುಟ್ಟಿ ವರ್ಷವಾದರೂ ಚಂದಾಪುರದ ಆ ‘ಕಳುವಿನ ಬೆಂಚು’ ಎಂಬ ಮಾತನ್ನು ನಾಗೇಂದ್ರಪ್ಪ ಇನ್ನೂ ಅಳಿಸುತ್ತಲೇ ಇದ್ದಾನೆ.