ಸಾವಿನ ಮನೆಯ ಒಲೆ

ಶಶಿಕಲಾ ಗೀರಿದ ಬೆಂಕಿಕಡ್ಡಿಯನ್ನು ದೊಡ್ಡಮುನಿಯಮ್ಮ ಉಫ್ ಎಂದು ಊದಿ ಆರಿಸಿಬಿಟ್ಟಳು.

"ಬುದ್ಧಿ ನೆಟ್ಟಗೈತೇನೇ ನಿಂಗೆ? ನಿಮ್ಮತ್ತೆ ಇನ್ನೂ ನಡುಮನೇಲಿ ಮಲ್ಗವ್ಳೆ. ಹೆಣ ಎತ್ತೋಗಂಟ ಯಾರಾದ್ರೂ ಒಲೆ ಹಚ್ತಾರಾ?"

"ಕೂಸಿಗೆ ಬೆಳಗ್ಗಿಂದ ಭೇದಿ, ದೊಡ್ಡತ್ತೆ. ನೀರು ಕಾಯಿಸ್ಬೇಕು."

"ಭೇದಿ ಆಗೋವಾಗ ನೀರು ಕುಡ್ಸಿದ್ರೆ ಇನ್ನೂ ಹೋಗ್ತದೆ ಕಣೇ! ಹೊಟ್ಟೆ ಒಣಗ್ಲಿ, ತಾನೇ ನಿಂತ್ಕತದೆ."

ಸತ್ತ ಕದಿರಮ್ಮನ ಓರಗಿತ್ತಿ ಈ ದೊಡ್ಡಮುನಿಯಮ್ಮ. ಉದ್ದನಪಲ್ಲಿಯ ಆ ಬೀದಿಗೇ ಹಿರಿಯಳು. ಬೀದಿಯೆಲ್ಲ ದಾಯಾದಿಗಳ ಮನೆಗಳೇ, ಹಾಗಾಗಿ ಇವತ್ತು ಒಂದರಲ್ಲೂ ಒಲೆ ಉರಿದಿರಲಿಲ್ಲ. ಹಂಡೆಯ ನೀರಿಗೋ ಬಂದಬಂದವರೆಲ್ಲ ಚೊಂಬು ಅದ್ದಿದ್ದರು. ಕೂಸು ಭಾನುವಿನ ತುಟಿ ಒಣಗಿತ್ತು. ಭೇದಿ ಬಿಟ್ಟರೆ ಬೆಳಗಿನಿಂದ ಒಂದು ತೊಟ್ಟು ಉಚ್ಚೆಯೂ ಇಲ್ಲ. ಗಂಡ ಜಗನ್ ಆಸ್ಪತ್ರೆಗೆ ಹೋಗಲು ಆಟೋ ತರುತ್ತೇನೆಂದು ಓಡಿದ್ದ. ಆಟೋ ಬರುವತನಕ ಕೈಕಟ್ಟಿ ಕೂರುವ ಹೆಣ್ಣಲ್ಲ ಶಶಿಕಲಾ. ಕೂರಲು ಕದಿರಮ್ಮ ಕಲಿಸಿಯೂ ಇರಲಿಲ್ಲ.

*

ಹೊಸ ಸೊಸೆಯಾಗಿ ಬಂದಾಗ ಅವಳಿಗೆ ಅತ್ತೆಯೊಂದು ತಮಾಷೆ. ಊರಲ್ಲಿ ಯಾರ ಮಗು ಹುಷಾರಿಲ್ಲವೆಂದರೂ ಸರಿ, ಮುದ್ದೆ ಮೆತ್ತಿದ ಕೈಯಲ್ಲೇ ಓಡುವಳು. ಹೊಸಿಲು ದಾಟುವ ಮೊದಲೇ ಕೇಳುವಳು, "ಉಚ್ಚೆ ಉಯ್ತಾ?"

"ಏನತ್ತೆ, ಎಲ್ಲೋದ್ರೂ ಅದನ್ನೇ ಕೇಳ್ತೀರಲ್ಲ!" ಎಂದು ಶಶಿಕಲಾ ಒಂದು ದಿನ ನಕ್ಕುಬಿಟ್ಟಳು.

ಕದಿರಮ್ಮ ನಗಲಿಲ್ಲ. "ನನ್ನ ಮೊದ್ಲ ಮಗ ಇದೇ ನಡುಮನೇಲಿ ನೀರು ನೀರು ಅಂತ ಹೋಗ್ಬುಟ್ಟ. ಭೇದಿಗೆ ನೀರು ಕೊಡ್ಬ್ಯಾಡ ಅಂದ್ರು, ಕೊಡ್ಲಿಲ್ಲ. ಕೈಯಾಗೇ ಚೊಂಬಿತ್ತು ಕಣವ್ವ." ಸೊಸೆಯ ಕೈ ಹಿಡಿದು ಹೇಳಿದಳು, "ಉಚ್ಚೆ ನಿಂತ್ರೆ ಮೈಯಾಗೆ ನೀರು ಬತ್ತೈತೆ ಅಂತ. ಯಾರಂದ್ರೂ ಕೇಳ್ಬ್ಯಾಡ. ನೀರು ಕಾಯಿಸಿ ಆರ್ಸು, ಅಂಗನವಾಡೀಲಿ ಕೊಡೋ ಉಪ್ಪು-ಸಕ್ರೆ ಪೊಟ್ಟಣ ಕದಡು, ಚೂರುಚೂರೇ ಕುಡ್ಸು. ಕಕ್ಕಿದ್ರೆ ಒಸಿ ತಡೆದು ಮತ್ತೆ ಕುಡ್ಸು. ಮೊಲೆ ಮಾತ್ರ ಬಿಡಿಸ್ಬ್ಯಾಡ."

*

ಶಶಿಕಲಾ ಇನ್ನೊಂದು ಕಡ್ಡಿ ತೆಗೆದಳು.

"ಪಾಪ ಬಂದ್ರೆ ನಂಗೇ ಬರ್ಲಿ, ದೊಡ್ಡತ್ತೆ. ಕೈ ಬಿಡಿ."

ಒಲೆ ಹೊತ್ತಿತು. ನಡುಮನೆಯಲ್ಲಿ ಗುಸುಗುಸು ಎದ್ದಿತು. ಹೆಂಡತಿಯ ತಲೆದೆಸೆಯಲ್ಲಿ ಕೂತಿದ್ದ ಮಾವ ಮುನಿಶಾಮಿ ತಲೆಯೆತ್ತದೆ ಹೇಳಿದ, "ಹಚ್ಲಿ ಬುಡ್ರಿ. ಇವ್ಳಿಗೆ ಉಸ್ರಿದ್ದಿದ್ರೆ ಇವ್ಳೇ ಎದ್ದು ಹಚ್ಚೋಳು."

ಕುದಿದ ನೀರನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಪೊಟ್ಟಣ ಕದಡಿ, ಅತ್ತೆಯ ಹಳೆಯ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿದಳು. ಭಾನು ಕಕ್ಕಿತು. ತಡೆದು ಮತ್ತೆ ಕುಡಿಸಿದಳು. ಹೊರಗೆ ಚಟ್ಟ ಸಿದ್ಧವಾಯಿತು, ತಮಟೆ ಜೋರಾಯಿತು. ಆಟೋ ಇನ್ನೂ ಬಂದಿರಲಿಲ್ಲ. ಹೊತ್ತು ಮೀರುತ್ತದೆ, ಮಗ ದಾರಿಯಲ್ಲೇ ಕೂಡಿಕೊಳ್ಳಲಿ ಎಂದರು ಹಿರಿಯರು. ಅವಳು ಒಳಲೆ ಕೆಳಗಿಡಲಿಲ್ಲ.

"ಸೊಸೆ ಬಾಯಿಗಕ್ಕಿ ಹಾಕ್ಬೇಕು, ಬಾರವ್ವಾ!" ಎಂದು ಕೂಗಿದರು.

"ಕೊಡಿತ್ಲಾಗೆ," ಎಂದು ದೊಡ್ಡಮುನಿಯಮ್ಮ ಸಿಡುಕುತ್ತಲೇ ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಒಳಲೆಯನ್ನೂ ಕಿತ್ತುಕೊಂಡಳು.

ಶಶಿಕಲಾ ಅತ್ತೆಯ ತುಟಿಗೆ ಅಕ್ಕಿ ಹಾಕಿದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಒತ್ತರಿಸಿ ಬಂತು.

"ಅಯ್ಯಯ್ಯೋ!" ಹಿಂದಿನಿಂದ ಕೂಗು ಕೇಳಿಸಿತು.

ಅವಳು ಗಕ್ಕನೆ ತಿರುಗಿದಳು. ದೊಡ್ಡಮುನಿಯಮ್ಮ ಕೂಸನ್ನು ಅವುಚಿಕೊಂಡು ಜನರನ್ನು ತಳ್ಳಿಕೊಂಡು ಬರುತ್ತಿದ್ದಳು. ಸೀರೆ ಮಡಿಲಿನಿಂದ ಮೊಣಕಾಲಿನವರೆಗೂ ಒದ್ದೆ. ಹೆಣ ಎತ್ತಲು ಬಗ್ಗಿದವರನ್ನು ಅಷ್ಟಕ್ಕೇ ನಿಲ್ಲಿಸಿ, ಓರಗಿತ್ತಿಯ ಕಿವಿಯ ಬಳಿ ಬಾಗಿ, ತಮಟೆಗಿಂತ ಜೋರಾಗಿ ಕೂಗಿದಳು:

"ಉಯ್ತು ಕಣೇ ಕದಿರೀ! ಕೂಸು ಉಚ್ಚೆ ಉಯ್ತು!"