ಸಾಂಬಾರ್ ಕಲಿಸಲು ಹೋದ ರಘುನಂದನ್

ರಘುನಂದನನಿಗೆ ಸಂಬಳ ಬರುತ್ತಿದ್ದುದೇ ತಪ್ಪು ಹುಡುಕುವುದಕ್ಕೆ. ನೋಯ್ಡಾದ ಒಂದು ಕಂಪನಿಯಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರನ್ನು ಪರೀಕ್ಷಿಸಿ ಎಲ್ಲೆಲ್ಲಿ ಕೆಟ್ಟಿದೆ ಎಂದು ಪಟ್ಟಿ ಮಾಡಿ ಕಳಿಸುವ ಕೆಲಸ. ಅದನ್ನು ಸರಿಪಡಿಸುವ ಹೊಣೆ ಅವನದಲ್ಲ. ಹನ್ನೊಂದು ವರ್ಷ ಹೀಗೆ ದುಡಿದ ಮೇಲೆ ಆ ಅಭ್ಯಾಸ ಊಟದ ಮೇಜಿಗೂ ಬಂದು ಕೂತಿದ್ದರೆ ಅದು ತನ್ನ ತಪ್ಪಲ್ಲ ಎಂದು ಅವನೇ ತೀರ್ಮಾನಿಸಿಕೊಂಡಿದ್ದ.

ಶನಿವಾರ ಬಂತೆಂದರೆ ಇಂದಿರಾಪುರಂನ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಿಂದ ಮೂವರೂ ಹೊರಡುತ್ತಿದ್ದರು. ಅವನು, ಹೆಂಡತಿ ಹಂಸಿನಿ, ಒಂಬತ್ತು ವರ್ಷದ ಮಗಳು ಗಗನಾ. ಒಂದು ವಾರ ಚಾಂದನಿ ಚೌಕ, ಇನ್ನೊಂದು ವಾರ ಗುರುಗ್ರಾಮ, ಮತ್ತೊಂದು ವಾರ ಖಾನ್ ಮಾರ್ಕೆಟ್. ಊಟ ಬಂದ ಮೇಲೆ ಅವನು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಆಮೇಲೆ ಮೊದಲ ತುತ್ತು ಅವನದು, ಅದೂ ಕಣ್ಣು ಮುಚ್ಚಿಕೊಂಡು. ಕಣ್ಣು ತೆರೆದಿದ್ದರೆ ನಾಲಿಗೆ ಸೋಮಾರಿಯಾಗುತ್ತದೆ ಎಂಬುದು ಅವನ ಸಿದ್ಧಾಂತ. ಹಾಗೆ ಅವನು ಕಣ್ಣು ಮುಚ್ಚಿ ಕೂತಿದ್ದಾಗ ಒಮ್ಮೆ ಮಾಣಿಯೊಬ್ಬ ಹಂಸಿನಿಯ ಹತ್ತಿರ ಬಗ್ಗಿ, ಸಾಹೇಬರಿಗೆ ಹುಷಾರಿಲ್ಲವೇ ಎಂದು ಮೆಲ್ಲಗೆ ಕೇಳಿದ್ದ.

ಖಾನ್ ಮಾರ್ಕೆಟ್ಟಿನ ದೊಡ್ಡ ರೆಸ್ಟೋರೆಂಟಿನಲ್ಲಿ ಒಂದು ಅಣಬೆಯ ಖಾದ್ಯ ತಿಂದು, ಅದರಲ್ಲಿ ಕೊನೆಗೆ ಬರುವ ಸೂಕ್ಷ್ಮವಾದ ಕಹಿಯ ಬಗ್ಗೆ ಅವನು ಮೇಜಿನ ಮುಂದೆಯೇ ಕೂತು ರಿವ್ಯೂ ಆ್ಯಪಿನಲ್ಲಿ ಎರಡು ಪ್ಯಾರಾ ಬರೆದು ಹಾಕಿದ. ತಟ್ಟೆ ಎತ್ತಲು ಬಂದವನು ಖಾಲಿ ತಟ್ಟೆಯನ್ನೇ ನೋಡುತ್ತ, "ಸರ್, ಇಲ್ಲೊಂದು ಎಲೆ ಇತ್ತಲ್ಲ, ಅದು ಅಲಂಕಾರಕ್ಕೆ ಇಟ್ಟದ್ದು" ಎಂದ. ಹಂಸಿನಿ ನೀರು ಕುಡಿಯುವ ನೆಪದಲ್ಲಿ ಮುಖ ಮುಚ್ಚಿಕೊಂಡಳು. ಬರೆದದ್ದನ್ನು ರಘುನಂದನ್ ಅಳಿಸಲಿಲ್ಲ. ಅಷ್ಟರಲ್ಲಾಗಲೇ ನಲವತ್ತು ಜನ ಮೆಚ್ಚಿಯಾಗಿತ್ತು.

ಇಂಥ ರಘುನಂದನ್ ಮನೆಯ ಹತ್ತಿರವೇ ಹೊಸದಾಗಿ ತೆರೆದ 'ಕಾವೇರಿ ಆಂಗನ್' ಹೋಟೆಲಿಗೆ ಹೋದದ್ದು ಫೆಬ್ರುವರಿಯಲ್ಲಿ. ದೋಸೆಯನ್ನು ಕ್ಷಮಿಸಿದ. ಸಾಂಬಾರನ್ನು ಕ್ಷಮಿಸಲಿಲ್ಲ. ಎರಡೇ ನಕ್ಷತ್ರ ಕೊಟ್ಟು ಹೀಗೆ ಬರೆದ: "ನಾನು ತುಮಕೂರಿನವನು. ಸಾಂಬಾರಿಗೆ ಬೆಲ್ಲ ಹಾಕುವುದು ದಿಲ್ಲಿಯವರ ಅಪರಾಧ. ಈ ಅಡುಗೆಯವರಿಗೆ ಯಾರಾದರೂ ಒಮ್ಮೆ ನಿಜವಾದ ಕರ್ನಾಟಕದ ಸಾಂಬಾರ್ ಕಲಿಸಬೇಕು." ಆ ಯಾರಾದರೂ ತಾನೇ ಆಗಬೇಕಾದೀತು ಎಂದು ಅವನಿಗೆ ಹೊಳೆದಿರಲಿಲ್ಲ.

ನಾಲ್ಕು ದಿನ ಬಿಟ್ಟು, ಬಿಲ್ಲಿಗೆಂದು ಕೊಟ್ಟಿದ್ದ ನಂಬರಿಗೆ ಫೋನ್ ಬಂತು. ಹೋಟೆಲಿನ ಒಡತಿ, ಸಭರ್ವಾಲ್ ಮೇಡಂ. ದನಿಯಲ್ಲಿ ಕೋಪವಿರಲಿಲ್ಲ. "ನೀವು ಬರೆದದ್ದು ಓದಿದೆ. ನಮ್ಮ ಅಡುಗೆಯವರು ನೇಗಿಜೀ ಅಂತ, ಗಢವಾಲದವರು. ಅವರಿಗೂ ಓದಿ ಹೇಳಿದೆ. ಸಾಹೇಬರು ಬಂದು ತೋರಿಸಿದರೆ ಖಂಡಿತ ಕಲಿಯುತ್ತೇನೆ ಅಂದರು. ಶನಿವಾರ ಹತ್ತು ಗಂಟೆಗೆ ಬರ್ತೀರಾ?"

ಆಗುವುದಿಲ್ಲ ಎನ್ನಲು ಅವನ ಬಾಯಿ ತೆರೆದದ್ದೇನೋ ನಿಜ. ಆದರೆ ಒಡತಿ "ನಿಮ್ಮಂಥ ಎಕ್ಸ್‌ಪರ್ಟ್ ಸಿಗೋದು ಕಷ್ಟ" ಎಂದುಬಿಟ್ಟಳು. ಬಾಯಿ ತಾನಾಗಿಯೇ "ಅಚ್ಛಾ, ಬರ್ತೀನಿ" ಎಂದಿತು.

ಹಂಸಿನಿ ಸುದ್ದಿ ಕೇಳಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. "ರೀ, ನೀವು ಮಾಡೋ ಅಡುಗೆ ಅಂದ್ರೆ ಮ್ಯಾಗಿ. ಅದಕ್ಕೂ ಎಷ್ಟು ನೀರು ಅಂತ ನನ್ನ ಕೇಳ್ತೀರ."

"ಕೈ ಆಡಿಸೋದು ಮುಖ್ಯ ಅಲ್ಲ ಹಂಸಿ. ರುಚಿ ಗೊತ್ತಿದ್ರೆ ಸಾಕು."

"ಶುಕ್ರವಾರ ಸಾಯಂಕಾಲ ಒಂದ್ಸಲ ನನ್ನ ಜೊತೆ ನಿಂತು ಮಾಡಿಬಿಡಿ. ಅರ್ಧ ಗಂಟೆ ಅಷ್ಟೆ."

"ಪ್ರಾಕ್ಟೀಸ್ ಬೇಕಾಗಿರೋದು ಕಲಿಯೋರಿಗೆ" ಎಂದು ಅವನು ನಕ್ಕ. ಆಮೇಲೆ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ತುಮಕೂರಿಗೆ ಅಮ್ಮನಿಗೆ ಫೋನ್ ಮಾಡಿದ.

ಗಿರಿಜಮ್ಮ ಮಗನ ಪ್ರಶ್ನೆ ಕೇಳಿ ಗಾಬರಿಯಾದರು. "ಹುಳಿ ಹೇಗೆ ಮಾಡೋದು ಅಂತ ನೀನ್ಯಾಕಪ್ಪ ಕೇಳ್ತಿದ್ದೀಯ? ಹಂಸಿನಿಗೆ ಹುಷಾರಿಲ್ವಾ?"

"ಚೆನ್ನಾಗಿದ್ದಾಳೆ. ಸುಮ್ನೆ ಕೇಳ್ದೆ. ಹೇಳು."

ಅಮ್ಮ ಹೇಳಿದರು. ಕಡಲೆಬೇಳೆ, ಉದ್ದಿನಬೇಳೆ, ಧನಿಯ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ. ಎಷ್ಟೆಷ್ಟು ಎಂದರೆ "ನೋಡ್ಕೊಂಡು ಹಾಕೋದಪ್ಪ" ಎಂದರು. ಎಷ್ಟು ಹೊತ್ತು ಹುರಿಯೋದು ಎಂದರೆ "ಗಮ ಬರೋ ತನಕ." ಅವನು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡ. ಕೊನೆಗೆ ಅಮ್ಮ, "ಇಳಿಸೋ ಮುಂಚೆ ಒಂದು ಚೂರು ಬೆಲ್ಲ ಮರೀಬೇಡ" ಎಂದರು.

ರಘುನಂದನ್ ಬಾಲ್ಕನಿಯ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ. "ಬೆಲ್ಲ ಹಾಕ್ತೀಯಾ ನೀನು?"

"ಯಾವಾಗ್ಲೂ ಹಾಕ್ತೀನಲ್ಲೋ. ಮೂವತ್ತೆಂಟು ವರ್ಷದಿಂದ ತಿಂತಾ ಇದ್ದೀಯ."

ಅವನು ಬೆಲ್ಲ ಎಂದು ಬರೆದುಕೊಳ್ಳಲಿಲ್ಲ. ಊರಿಗೆಲ್ಲ ಅಪರಾಧ ಎಂದು ಸಾರಿಯಾಗಿತ್ತು.

ಶನಿವಾರ ಹತ್ತಕ್ಕೆ ಮೂವರೂ ಹೋದರು. ಹಂಸಿನಿ ಬರುವುದು ಅವನಿಗೆ ಇಷ್ಟವಿರಲಿಲ್ಲ, ಆದರೆ ಗಗನಾ ಬಿಡಲಿಲ್ಲ. "ಪಪ್ಪಾ ಶೆಫ್ ಅಂಕಲ್‌ಗೆ ಸಿಖಾಯೇಂಗೆ, ಕಲಿಸೋದು ನಾನು ನೋಡ್ಬೇಕು" ಎಂದು ಹಿಂದಿಯನ್ನೂ ಕನ್ನಡವನ್ನೂ ಒಂದೇ ಉಸಿರಿಗೆ ಕಲಸಿ ಹಟ ಹಿಡಿದಳು. ಅವಳ ಹೆಮ್ಮೆ ಮಾತ್ರ ಕಲಬೆರಕೆಯಿಲ್ಲದ್ದು.

ನೇಗಿ ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು, ಕೈಯಲ್ಲಿ ಒಂದು ಹೊಸ ನೋಟ್‌ಬುಕ್ ಹಿಡಿದು ಕಾಯುತ್ತಿದ್ದ. ಆ ನೋಟ್‌ಬುಕ್ ಖಾಲಿಯಿತ್ತು. ಅದರೊಳಗೆ ಹೋಗಬೇಕಾದ್ದೆಲ್ಲ ರಘುನಂದನನಿಂದಲೇ ಹೊರಬರಬೇಕಿತ್ತು.

"ಮೊದಲು ಏನು ಹಾಕೋದು ಸಾಹಬ್?" ಎಂದು ನೇಗಿ ಹಿಂದಿಯಲ್ಲಿ ಕೇಳಿದ.

ಮೊದಲು ಏನು ಎಂದು ಅಮ್ಮ ಹೇಳಿದ್ದರೋ ಇಲ್ಲವೋ ನೆನಪಾಗಲಿಲ್ಲ. ಎಲ್ಲರೆದುರು ಫೋನ್ ತೆಗೆದು ನೋಡುವುದು ಎಕ್ಸ್‌ಪರ್ಟ್ ಮಾಡುವ ಕೆಲಸವಲ್ಲ. "ಮೆಣಸಿನಕಾಯಿ" ಎಂದ. ನೇಗಿಯ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಬರೆಯಿತು. ಬಾಗಿಲ ಬಳಿ ನಿಂತಿದ್ದ ಹಂಸಿನಿ ಗಗನಾಳನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಳು.

ಮನೆಯ ಒಲೆಯನ್ನೇ ಸರಿಯಾಗಿ ಹಚ್ಚಿ ಗೊತ್ತಿಲ್ಲದವನಿಗೆ ಹೋಟೆಲಿನ ಒಲೆ ಎಂದರೆ ವಿಮಾನದ ಇಂಜಿನ್ನಿನ ಹಾಗಿತ್ತು. ಬಾಣಲೆಯಲ್ಲಿ ಬಿದ್ದ ಎರಡು ಹಿಡಿ ಮೆಣಸಿನಕಾಯಿ, ಅವನು ಸೌಟು ಎತ್ತಿಕೊಳ್ಳುವುದರೊಳಗೆ ಕಪ್ಪಾಯಿತು. ಘಾಟು ಎದ್ದಿತು. ಪಾತ್ರೆ ತೊಳೆಯುವವರು ಕೆಮ್ಮುತ್ತ ಹಿಂದಿನ ಬಾಗಿಲಿನಿಂದ ಓಡಿದರು. ಹೊರಗೆ ಹಾಲ್‌ನಲ್ಲಿ ಇಡ್ಲಿ ತಿನ್ನುತ್ತಿದ್ದ ಒಂದು ದೊಡ್ಡ ಕುಟುಂಬ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಸರದಿಯಂತೆ ಕೆಮ್ಮಿದ್ದು ಅಡುಗೆಮನೆಗೂ ಕೇಳಿಸಿತು. ನೇಗಿ ಕೈ ಚಾಚಿ ಉರಿ ತಗ್ಗಿಸಿದ.

"ಹೀಗೆ ಸ್ವಲ್ಪ ಕಪ್ಪಗಾದರೇ ತುಮಕೂರಿನ ರುಚಿ" ಎಂದ ರಘುನಂದನ್, ಕಣ್ಣೀರು ಒರೆಸಿಕೊಳ್ಳುತ್ತ. ನೇಗಿ ಅದನ್ನೂ ಬರೆದುಕೊಂಡ.

ಆಮೇಲೆ ಆದದ್ದನ್ನು ಅವನು ಇವತ್ತಿಗೂ ಪೂರ್ತಿ ಹೇಳುವುದಿಲ್ಲ. ಮೆಂತ್ಯ ಒಂದು ಚಮಚ ಎಂದರೆ ಯಾವ ಚಮಚ ಎಂಬ ಪ್ರಶ್ನೆಗೆ ಅವನು ಆರಿಸಿದ್ದು ಬಡಿಸುವ ಚಮಚ. ಇಂಗು ಕಡಿಮೆಯಾಯಿತೇನೋ ಎಂದು ಎರಡು ಸಲ ಹಾಕಿದ. ಹುಣಸೆಹಣ್ಣನ್ನು ಬೀಜ ಸಮೇತ ಬಿಟ್ಟ. ಬೆಲ್ಲದ ಡಬ್ಬಿಯನ್ನು ನೇಗಿ ಹತ್ತಿರ ತಂದಿಟ್ಟಾಗ ಅದನ್ನು ಬೆರಳ ತುದಿಯಿಂದ ದೂರ ಸರಿಸಿದ, ಪಾನಕಕ್ಕೆ ಮಾತ್ರ ಎಂದ. ಹನ್ನೊಂದೂವರೆಗೆ ಒಂದು ಪಾತ್ರೆಯ ತುಂಬ ಏನೋ ಒಂದು ಕುದಿಯುತ್ತಿತ್ತು.

ಸಭರ್ವಾಲ್ ಮೇಡಂ ಬಂದು, ಇದನ್ನೂ ತಮ್ಮ ದಿನದ ಸಾಂಬಾರನ್ನೂ ಎರಡು ಬಟ್ಟಲಿಗೆ ಹಾಕಿಸಿ, "ಈಗ ವ್ಯತ್ಯಾಸ ಏನು ಅಂತ ಸಾಹೇಬರೇ ಹೇಳಲಿ" ಎಂದಳು.

ಗಗನಾ ಮುಂದೆ ಬಂದಳು. "ಪಪ್ಪಾ ಆಂಖ್ ಬಂದ್ ಮಾಡ್ಕೊಂಡೇ ಹೇಳ್ತಾರೆ. ಯಾವುದು ಯಾವುದು ಅಂತ ನೋಡದೇನೇ ಗೊತ್ತಾಗತ್ತೆ." ಅವಳು ತಮಾಷೆ ಮಾಡುತ್ತಿರಲಿಲ್ಲ. ನೂರಾರು ಶನಿವಾರ ಅವನೇ ಅವಳಿಗೆ ಕಲಿಸಿದ್ದ ಪಾಠ ಅದು.

ಕಣ್ಣು ಮುಚ್ಚಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಹಂಸಿನಿಯೇ ಚಮಚದಲ್ಲಿ ಕುಡಿಸಿದಳು. ಮೊದಲನೆಯದು ನಾಲಿಗೆಗೆ ತಾಗಿದಾಗ ಅವನ ಹುಬ್ಬು ಗಂಟಾಯಿತು. ಸುಟ್ಟ ಕಹಿ, ಮೇಲೆ ಇಂಗು, ಹಲ್ಲಿಗೆ ಹುಣಸೆಬೀಜ. ಎರಡನೆಯದು ಒಳಗೆ ಹೋದಾಗ, ಘಾಟಿನಿಂದ ಉರಿಯುತ್ತಿದ್ದ ಗಂಟಲಿಗೆ ಯಾರೋ ತಣ್ಣಗೆ ಕೈಯಿಟ್ಟ ಹಾಗಾಯಿತು. ಹುಳಿ, ಖಾರ, ಅವೆರಡರ ಹಿಂದೆ ಗೊತ್ತೂ ಆಗದಂಥ ಒಂದು ಸಿಹಿ. ಇದು ಮನೆಯದೇ ರುಚಿ ಎಂದು ಅವನ ಇಡೀ ದೇಹ ಹೇಳಿತು. ತಾನು ಇಷ್ಟು ಚೆನ್ನಾಗಿ ಮಾಡಿಬಿಟ್ಟೆನೇ ಎಂದು ಅವನಿಗೆ ಆಶ್ಚರ್ಯವೂ ಆಯಿತು.

ಕಣ್ಣು ತೆರೆಯದೆಯೇ ಭಾಷಣ ಶುರು ಮಾಡಿದ. "ಮೊದಲನೆಯದರಲ್ಲಿ ಕಲಿಯುವವರ ಅವಸರ ಇದೆ. ಹುರಿಯುವಾಗ ಗಮನ ಇಲ್ಲ. ಕ್ಷಮಿಸಿ ನೇಗಿಜೀ, ಇದನ್ನು ಸಾಂಬಾರ್ ಅನ್ನುವುದೇ ಕಷ್ಟ. ಎರಡನೆಯದು ನೋಡಿ, ಇದು ಕರ್ನಾಟಕ. ಇದು ನನ್ನದು."

ಎಲ್ಲೋ ಹಬೆಯ ಪಾತ್ರೆಯ ಮುಚ್ಚಳ ಟಕಟಕ ಎನ್ನುತ್ತಿತ್ತು. ಕೊನೆಗೆ ಗಗನಾ ಅವನ ಅಂಗಿಯ ತುದಿ ಎಳೆದಳು. "ಪಪ್ಪಾ, ಉಲ್ಟಾ" ಎಂದಳು, ಆದಷ್ಟು ಸಣ್ಣ ದನಿಯಲ್ಲಿ.

ರಘುನಂದನ್ ಕಣ್ಣು ತೆರೆದ. ಸಭರ್ವಾಲ್ ಮೇಡಂ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ನೇಗಿ ಒಂದು ಲೋಟ ನೀರು ತಂದು ಅವನ ಕೈಗೆ ಕೊಟ್ಟ. "ಮೆಣಸಿನ ಘಾಟಿಗೆ ಮೂಗು ಕಟ್ಟಿರುತ್ತೆ ಸಾಹಬ್. ಯಾರಿಗಾದರೂ ಹೀಗೆ ಆಗುತ್ತೆ" ಎಂದ. ಆ ಮಾತಿನ ಕರುಣೆ ಮೆಣಸಿನಕಾಯಿಗಿಂತ ಖಾರವಾಗಿತ್ತು.

"ಇಲ್ಲ ನೇಗಿಜೀ" ಎಂದ ರಘುನಂದನ್, ನೀರು ಕುಡಿದು. ಸತ್ಯ ಹೇಳುವುದು ಇಷ್ಟು ಸುಲಭ ಎಂದು ಅವನಿಗೆ ಗೊತ್ತಿರಲಿಲ್ಲ. ಮರ್ಯಾದೆ ಪೂರ್ತಿ ಹೋದ ಮೇಲೆ ಉಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. "ನನಗೆ ಅಡುಗೆ ಬರುವುದಿಲ್ಲ. ನಮ್ಮಮ್ಮನೂ ಬೆಲ್ಲ ಹಾಕುತ್ತಾರೆ. ನನಗೆ ಗೊತ್ತಾದದ್ದು ಮೊನ್ನೆ. ನಿಮಗೆ ಇದನ್ನು ಯಾರು ಕಲಿಸಿದರು?"

"ಕಾರ್ಕಳದವರು ಒಬ್ಬರು. ಕರೋಲ್ ಬಾಗ್‌ನಲ್ಲಿ ನಾನು ಹತ್ತೊಂಬತ್ತು ವರ್ಷದವನಿದ್ದಾಗ ಅವರ ಕೈಕೆಳಗೆ ಕೆಲಸಕ್ಕಿದ್ದೆ" ಎಂದ ನೇಗಿ. "ಬೆಲ್ಲ ಮರೆತರೆ ಸೌಟಿನಿಂದ ಹೊಡೆಯುತ್ತಿದ್ದರು."

ಹಂಸಿನಿಗೆ ಇನ್ನು ತಡೆಯಲಾಗಲಿಲ್ಲ. ಅವಳು ನಕ್ಕಳು, ಮೇಡಂ ನಕ್ಕಳು, ಹಿಂಬಾಗಿಲಿನಿಂದ ಇಣುಕುತ್ತಿದ್ದ ಪಾತ್ರೆಯವರೂ ನಕ್ಕರು. ರಘುನಂದನನೂ ನಗಲೇಬೇಕಾಯಿತು. ಆ ಮಧ್ಯಾಹ್ನ ಹೊರಗೆ ಗಿರಾಕಿಗಳು ಹೆಚ್ಚಿದಾಗ ಅವನು ಮೂಲೆಯ ಸ್ಟೂಲಿನ ಮೇಲೆ ಕೂತು ಈರುಳ್ಳಿ ಸುಲಿದ. ಅದನ್ನು ಅವನಾಗಿಯೇ ಕೇಳಿ ಪಡೆದದ್ದು. ಹಂಸಿನಿಯೂ ಗಗನಾಳೂ ಹಾಲ್‌ನಲ್ಲಿ ಕೂತು ಮಸಾಲೆ ದೋಸೆ ತಿಂದರು. ಫೋಟೋ ತೆಗೆಯುವವರಿಲ್ಲದ್ದರಿಂದ ದೋಸೆ ಬಿಸಿಯಾಗಿತ್ತು.

ಮೂರೂವರೆಗೆ ಗಲಾಟೆ ತಗ್ಗಿತು. ನೇಗಿ ಕೈ ತೊಳೆದುಕೊಂಡು, ಒಂದು ಬೇರೆಯೇ ಡಬ್ಬಿಯಿಂದ ಕಂದು ಬಣ್ಣದ ಹಿಟ್ಟು ತೆಗೆದು ರೊಟ್ಟಿ ತಟ್ಟತೊಡಗಿದ. ಪಕ್ಕದ ಪಾತ್ರೆಯಲ್ಲಿ ಗಟ್ಟಿಯಾಗಿ ಕುದಿಸಿದ ಏನೋ ಬೇಳೆ ಇತ್ತು. "ಇದು ನಮ್ಮ ಊಟ ಸಾಹಬ್, ಗಿರಾಕಿಗಳದ್ದಲ್ಲ. ಮಂಡುವಾ ರೊಟ್ಟಿ, ಗಹತ್ ದಾಲ್. ಊರಿನಿಂದ ಬರುತ್ತೆ. ನಿಮಗೆ ಸೇರುತ್ತೋ ಇಲ್ಲವೋ."

ರಘುನಂದನ್ ಒಂದು ತುಂಡು ಮುರಿದು ಅದ್ದಿ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿಕೊಳ್ಳಲು ಮರೆತುಹೋಯಿತು. ಅಗಿಯುವುದನ್ನು ನಿಲ್ಲಿಸಿ ಹಂಸಿನಿಯನ್ನು ಕರೆದ. ಅವಳು ಬಂದು ತಿಂದು ನೋಡಿದಳು.

"ರಾಗಿ" ಎಂದಳು. "ಹುರುಳಿಕಾಳು."

ನೇಗಿಗೆ ಹಿಂದಿಯಲ್ಲಿ ವಿವರಿಸಿದಾಗ ಅವನು ನಂಬಲೇ ಇಲ್ಲ. ಇದು ಗುಡ್ಡದವರು ತಿನ್ನುವ ಧಾನ್ಯ, ಮೂವತ್ತು ವರ್ಷದಲ್ಲಿ ಯಾವ ಸೌತ್ ಇಂಡಿಯನ್ನರೂ ಇದರ ಹೆಸರೆತ್ತಿದ್ದು ಕೇಳಿಲ್ಲ ಎಂದ. ನಮ್ಮಲ್ಲಿ ಇದರ ರೊಟ್ಟಿಗಿಂತ ಉಂಡೆಯೇ ಹೆಚ್ಚು ಎಂದು ರಘುನಂದನ್ ಹೇಳಿದಾಗ ನೇಗಿ ನೋಟ್‌ಬುಕ್ ತೆಗೆದ. ರಘುನಂದನ್ ಗಾಬರಿಯಾಗಿ ಹೆಂಡತಿಯ ಕಡೆ ನೋಡಿದ.

ಹಂಸಿನಿ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿದಳು. ನೀರು ಕುದಿಸಿ, ಹಿಟ್ಟು ಸುರಿದು, ಮುದ್ದೆಕೋಲಿನ ಬದಲು ಲಟ್ಟಣಿಗೆಯಿಂದಲೇ ತಿರುವಿ, ಕೈಗೆ ನೀರು ಹಚ್ಚಿಕೊಂಡು ಐದು ಉಂಡೆ ಕಟ್ಟಿದಳು. ಹತ್ತು ನಿಮಿಷವೂ ಆಗಲಿಲ್ಲ. ನೇಗಿ ಉರಿ ಎಷ್ಟು, ನೀರು ಎಷ್ಟು ಎಂದೆಲ್ಲ ಕೇಳಿ ಬರೆದುಕೊಂಡ. ಆಮೇಲೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ಅದು ಹಲ್ಲಿಗೆ, ಅಂಗುಳಕ್ಕೆ, ಎಲ್ಲ ಕಡೆ ಅಂಟಿತು. ಆ ಮನುಷ್ಯ ಮೊದಲ ಸಲ ಸಹಾಯಕ್ಕಾಗಿ ಸುತ್ತ ನೋಡಿದ.

"ಅಗಿಯಬಾರದು ನೇಗಿಜೀ" ಎಂದ ರಘುನಂದನ್. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ತೋಳು ಮಡಚಿ, ಹದವಾಗಿ ಒಂದು ತುಂಡು ಮುರಿದು ಉರುಟು ಮಾಡಿ, ದಾಲಿನಲ್ಲಿ ಹೊರಳಿಸಿ, ಎಲ್ಲರೂ ನೋಡುತ್ತಿದ್ದಂತೆ ಗುಳುಂ ಎಂದು ನುಂಗಿದ. ಕಡೆಗೂ ಅವನಿಗೆ ನಿಜವಾಗಿ ಬರುವ ಒಂದು ವಿದ್ಯೆಗೆ ಶಿಷ್ಯ ಸಿಕ್ಕಿದ್ದ. "ನಿಧಾನ. ನಾಲಿಗೆ ಮೇಲೆ ಇಟ್ಟು, ಹಿಂದಕ್ಕೆ ಜಾರಿಸಿ. ಅಷ್ಟೆ. ಇನ್ನೇನೂ ಮಾಡಬಾರದು."

ನೇಗಿ ಎರಡು ಸಲ ಕೆಮ್ಮಿದ. ಮೂರನೆಯ ಸಲ ಮುದ್ದೆ ಸಲೀಸಾಗಿ ಇಳಿಯಿತು. ಅವನು ಗಂಟಲು ಮುಟ್ಟಿ ನೋಡಿಕೊಂಡು, ಇನ್ನೊಂದು ತುಂಡಿಗೆ ಕೈ ಹಾಕಿದ.