ಗುಡ್ಡಕ್ಕೆ ಮೀಸೆ ಬರೆದವನು

ಸಲೈನ್ ಬಾಟಲಿಯೊಳಗೆ ಮತ್ತೊಂದು ಗುಳ್ಳೆ ಎದ್ದಿತು, ಏಳಲಿ, ನೀವು ಇತ್ತ ನೋಡಿ ಸ್ವಾಮಿ, ಆ ಗುಡ್ಡ ಜಾರುತ್ತಿರುವುದನ್ನು ಇಡೀ ಭೂಮಂಡಲದಲ್ಲಿ ಮೊದಲು ಕಂಡ ಗಂಡು ಯಾರು ಅಂದುಕೊಂಡಿರಿ, ನಾನೇ, ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಕಂಡೆ, ಶಿಳ್ಳೆ ಹೊಡೆಯುವವರು ಹೊಡೆಯಬಹುದು — ಇಲ್ಲಿ ಬೇಡ, ಆಸ್ಪತ್ರೆ, ನರ್ಸಮ್ಮ ಆಗಲೇ ಎರಡು ಸಲ ಗುರಾಯಿಸಿದ್ದಾರೆ, ದೊಡ್ಡಪ್ಪ ಈಗಷ್ಟೇ ಕಣ್ಣು ಮುಚ್ಚಿದ್ದಾರೆ, ಹೊದಿಕೆಯ ಕೆಳಗೆ ಒಂದು ಕಾಲಿನ ಉಬ್ಬು, ಇನ್ನೊಂದರ ಜಾಗ ಸಪಾಟು. ಉಬ್ಬು, ತಗ್ಗು, ಸಪಾಟು, ನನ್ನ ಹೊಟ್ಟೆಪಾಡೇ ಅದು, ವಿಮಾನ ಗುಡ್ಡದ ಮೇಲೆ ಹಾರಿ ಲೇಸರ್ ಚೆಲ್ಲುತ್ತದೆ, ಕೋಟಿಗಟ್ಟಲೆ ಚುಕ್ಕೆಗಳಾಗಿ ನೆಲ ನಮ್ಮ ಕಂಪ್ಯೂಟರಿಗೆ ಬರುತ್ತದೆ, ಮರ ಮನೆಗಳನ್ನೆಲ್ಲ ಸುಲಿದುಹಾಕಿ, ಈ ವರ್ಷದ ನೆಲದಿಂದ ಹೋದ ವರ್ಷದ್ದನ್ನು ಕಳೆಯುವುದು, ಅಲುಗದ ಜಾಗ ಬಿಳಿ, ಕುಸಿದ ಜಾಗ ಕೆಂಪು, ಗೇಣುದ್ದ ಕುಸಿದರೂ ಸಾಕು, ದಿನಕ್ಕೆ ಹತ್ತು ಗಂಟೆ ಬಿಳಿ ಬಿಳಿ ಬಿಳಿ, ಕಣ್ಣು ಮುಚ್ಚಿದರೂ ಬಿಳಿ, ಆ ಬೇಜಾರಿಗೇ ಹೋದ ವರ್ಷ ಒಂದು ಗುಡ್ಡದ ಮೇಲೆ ಕೆಂಪು ಮೀಸೆ ಬರೆದದ್ದು, ಎರಡು ತುದಿ ಹುರಿಮಾಡಿದ ಖಳನಾಯಕನ ಮೀಸೆ, ನಮ್ಮ ಆಫೀಸಿನ ಮೇಡಂ ನೋಡದೆ ಅದನ್ನು ಮೀಟಿಂಗಿಗೆ ಒಯ್ದರು, ವಾಪಸ್ ಬಂದು ನೀನು ಕೆಲಸಕ್ಕೆ ಬರ್ತೀಯೋ ಶೂಟಿಂಗಿಗೋ ಅಂದರು, ನಾನು ಬಿಡುತ್ತೇನೆಯೇ, ಮೇಡಂ, ಹೀರೋ ಕಾಲಿಟ್ಟಲ್ಲಿ ಸೆಟ್ ತಾನಾಗೇ ಏಳುತ್ತೆ, ಇಡೀ ರೂಮು ನಕ್ಕಿತು, ಒಂದು ತಿಂಗಳು ನಕ್ಕಿತು, ಆಮೇಲೆ ನಾನು ಬಾಯಿ ತೆರೆಯುವ ಮೊದಲೇ ನಗುತ್ತಿದ್ದರು, ಅದು ಎಷ್ಟು ಸುಸ್ತು ಗೊತ್ತೇ, ಜನ ಮೊದಲೇ ನಕ್ಕುಬಿಟ್ಟರೆ ಡೈಲಾಗ್ ಹೊಡೆಯಲೇಬೇಕು.

ಗುಳ್ಳೆ. ದೊಡ್ಡಪ್ಪನದು ಬೇರೆ ಗುಳ್ಳೆ, ಇಳಿಜಾರಿನಲ್ಲಿ ಅವರೇ ನೆಟ್ಟ ಕಾಂಕ್ರೀಟ್ ಕಂಬ, ಅದರ ತಲೆಯ ಮೇಲೆ ದುಂಡಗಿನ ಗಾಜು, ಗಾಜಿನೊಳಗೆ ನೀರು, ನೀರಿನಲ್ಲಿ ಗುಳ್ಳೆ, ಕಂಬ ನೆಟ್ಟಗಿದ್ದರೆ ನಟ್ಟನಡುವೆ ನಿಲ್ಲಬೇಕು, ಇಪ್ಪತ್ತಾರು ವರ್ಷ ಸರ್ವೆ ಕೋಲು ಹೊತ್ತ ಮನುಷ್ಯ, ನನಗೆ ಈ ಕೆಲಸ ಕೊಡಿಸಿದವರೂ ಅವರೇ, ಅವತ್ತು ಅಲ್ಲಿಂದಲೇ ಫೋನು, ಮಗಾ, ಗುಳ್ಳೆ ನಡುವೆ ನಿಲ್ತಿಲ್ಲ ಕಣೋ, ಅಂಚಿಗೆ ಹೋಗಿ ಕೂತಿದೆ, ಕೆಳಗಿನ ಆರು ಮನೆಯವರಿಗೆ ಗಂಟು ಕಟ್ಟಿ ಅಂದಿದ್ದೀನಿ, ನಿನ್ನ ನಕ್ಷೆ ಏನನ್ನುತ್ತೆ ನೋಡು. ದೊಡ್ಡಪ್ಪ, ಗುಳ್ಳೆಗೆ ವಯಸ್ಸಾಯ್ತೋ ನಿಮಗೋ, ಕನ್ನಡಕ ಬದಲಿಸಿ. ಮುಚ್ಚೋ ಬಾಯಿ, ಕೋತಿ, ಮೊದಲು ನೋಡು. ನೋಡಿದೆ, ಅಲ್ಲೇ, ಆ ಆರು ಮನೆಗಳ ಮೇಲೆ, ಬಿಳಿಯ ನಡುವೆ ಕೆಂಪು ಗೆರೆ, ಬಾಗಿದ್ದು, ಎರಡು ತುದಿಯೂ ಹುರಿಯಾಗಿದ್ದು. ಅದಾದಮೇಲೆ ಏನಾಯಿತು ಅಂತ ವಿಚಾರಣೆಗೆ ಬಂದವರಿಗೆ ಹೇಳಿದ್ದೇನೆ, ಸಾಫ್ಟ್‌ವೇರ್ ಅದನ್ನು ಕಸ ಅಂದುಕೊಂಡು ಅಳಿಸಿತು ಸಾರ್, ಯಂತ್ರ ಅಲ್ವಾ, ಅವರು ಬರೆದುಕೊಂಡರು, ತಲೆಯಾಡಿಸಿದರು, ನಾನು ಎಷ್ಟು ಚೆನ್ನಾಗಿ ಮಾಡಿದೆ, ಒಂದೇ ಟೇಕ್. ಬಿಳಿ ನಕ್ಷೆ ದೊಡ್ಡಪ್ಪನಿಗೆ ಹೋಯಿತು, ಪೂರ್ತಿ ಬಿಳೀನಾ ಮಗಾ, ಪೂರ್ತಿ ಬಿಳಿ ದೊಡ್ಡಪ್ಪ, ಹಾಗಾದ್ರೆ ನನ್ನ ಕಣ್ಣೇ ಸರಿಯಿಲ್ಲ ಬಿಡು ಅಂದರು, ಒಂದು ಥರ ಸಮಾಧಾನದಲ್ಲೇ ಅಂದರು, ಕೆಳಗಿಳಿದು ಆರು ಮನೆಗೂ ಹೋಗಿ ಗಂಟು ಬಿಚ್ಚಿ ಅಂದರು, ಟೈಲರಮ್ಮ ಹೊಲಿಗೆ ಮೆಷಿನ್ನನ್ನು ಆಟೋದಿಂದ ಇಳಿಸಿಕೊಂಡಳು, ಮತ್ತೆ ಹೊಲಿಯುತ್ತಾ ಕೂತಳು, ಐದನೇ ದಿನ ಗುಡ್ಡ ಇಳಿಯಿತು, ಅಷ್ಟರಲ್ಲಿ ದೊಡ್ಡಪ್ಪ ಓಡಿಹೋಗಿ ಐದು ಮನೆ ಖಾಲಿ ಮಾಡಿಸಿದ್ದರು, ಆರನೆಯದು ಟೈಲರಮ್ಮನದು, ಅದರ ಬಾಗಿಲಿಗೆ ಕೈ ಹಾಕಿದ್ದರು.

ಮಗಾ — ಎಚ್ಚರವಾಗಿದ್ದಾರೆ, ಯಾವಾಗಿನಿಂದ, ತುಟಿ ಒಣಗಿದೆ, ನೀರು ಬೇಡವಂತೆ, ನಿಜ ಹೇಳು, ಗುಳ್ಳೆ ಅಂಚಿಗೆ ಹೋಗಿತ್ತಾ, ಇಲ್ಲ ನನಗೇ ಹಾಗೆ ಕಂಡಿತಾ, ಆ ಟೈಲರಮ್ಮ ಕೇಳಿದ್ಲು ಕಣೋ, ಮೆಷಿನ್ ಇಳಿಸಲಾ ಅಂತ, ನಾನೇ ಇಳಿಸಮ್ಮ ಅಂದೆ. ಡೈಲಾಗ್ ಬರುತ್ತಿಲ್ಲ, ಕೇಳಿ ಸ್ವಾಮಿ, ಯಂತ್ರ ಏನೂ ಅಳಿಸಲಿಲ್ಲ, ಅವತ್ತು ಮೇಡಂ ನನ್ನ ಹಿಂದೆ ಬಂದು ನಿಂತರು, ಮತ್ತೆ ಮೀಸೆನಾ, ಇದೂ ನಿಂದೇ ಕಿತಾಪತಿನಾ ಅಂದರು, ರೂಮಿಗೆ ರೂಮೇ ತಿರುಗಿತು, ನಗುವುದಕ್ಕೆ ತಯಾರಾಗಿ, ಅಲ್ಲ ಅಂದರೆ ಎರಡೂ ವರ್ಷದ ಚುಕ್ಕೆಗಳನ್ನು ಬುಡದಿಂದ ತಾಳೆ ನೋಡಬೇಕು, ಎಂಟು ದಿನದ ಕೆಲಸ, ಹೌದು ಅಂದರೆ ಮನೆಗೆ ಹೋಗಬಹುದು, ನನಗೆ ಸುಸ್ತಾಗಿತ್ತು, ಅಷ್ಟೇ, ಬರೀ ಸುಸ್ತು, ಹೌದು ಮೇಡಂ ನಂದೇ ಅಂದೆ, ಎಲ್ಲರೂ ನಕ್ಕರು, ಅವರ ಎದುರೇ ಅಳಿಸಿದೆ, ನನ್ನ ಕೈಯಿಂದ, ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದಾರೆ, ಆ ಕಣ್ಣಿಗೆ ಏನೂ ಆಗಿಲ್ಲ, ಗಾಜಿನೊಳಗೆ ಗುಳ್ಳೆ, ಅಂಚಿನಲ್ಲಿ, ನಡುವೆ ಬರುತ್ತಿಲ್ಲ, ಅಂಚಿನಲ್ಲೇ ಗುಳ್ಳೆ